ಕ್ಯಾಮೆರಾ ಇತ್ತು, ದೃಶ್ಯ ಎಲ್ಲಿ ಹೋಯ್ತು?

ನ್ಯೂಸ್ ರೂಮಿನಲ್ಲಿ ಕೂತವರಿಗೆ ಕೇಳಿ ಕೇಳಿ ರೂಢಿಯಾಗಿರುವ ಒಂದು ಮಾತಿದೆ. 'ಸರ್, ಕ್ಯಾಮೆರಾ ಇತ್ತು. ಆದರೆ ರೆಕಾರ್ಡ್ ಆಗಿಲ್ಲ.' ಬೈಕ್ ಕದ್ದುಕೊಂಡು ಹೋದರು, ರೆಕಾರ್ಡ್ ಆಗಿಲ್ಲ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾರು ಗುದ್ದಿಕೊಂಡು ಹೋಯ್ತು, ರೆಕಾರ್ಡ್ ಆಗಿಲ್ಲ. ಅಂಗಡಿಯ ಶಟರ್ ಎತ್ತಿದರು, ಅದೇ ಎರಡು ಗಂಟೆ ರೆಕಾರ್ಡ್ ಆಗಿಲ್ಲ. ಠಾಣೆಯಲ್ಲಿ ಒಬ್ಬ ಮನುಷ್ಯನ ಮೇಲೆ ಕೈ ಬಿತ್ತು ಅನ್ನೋ ಆರೋಪ ಬಂತು. ಅವತ್ತೂ ರೆಕಾರ್ಡ್ ಆಗಿಲ್ಲ.

ಗೋಡೆ ಮೇಲೆ ಬೋರ್ಡು ಮಾತ್ರ ಜೋರಾಗಿರುತ್ತೆ. 'ನೀವು ಸಿಸಿಟಿವಿ ಕಣ್ಗಾವಲಿನಲ್ಲಿದ್ದೀರಿ.' ಸ್ವಾಮಿ, ಕಣ್ಣು ಇದೆ. ನೆನಪು ಎಲ್ಲಿದೆ? ನೋಡೋದು ಬೇರೆ, ನೋಡಿದ್ದನ್ನು ನೆನಪಿಟ್ಟುಕೊಳ್ಳೋದು ಬೇರೆ. ಕ್ಯಾಮೆರಾ ಅನ್ನೋದು ಬರೀ ಕಣ್ಣು. ಅದು ಕಂಡದ್ದನ್ನು ಕೇಬಲ್ ಮೂಲಕವೋ ವೈಫೈ ಮೂಲಕವೋ ಕಳಿಸುತ್ತೆ. ಅದನ್ನು ಹಿಡಿದು ಹಾರ್ಡ್ ಡಿಸ್ಕಿನಲ್ಲಿ ಬರೆದಿಡುವುದು ಇನ್ನೊಂದು ಪೆಟ್ಟಿಗೆ, ಎನ್‌ವಿಆರ್. ನಡುವೆ ಒಂದು ಸ್ವಿಚ್ಚು, ಒಂದು ರೌಟರು, ಒಂದಷ್ಟು ವೈರು. ಇದರಲ್ಲಿ ಒಂದು ಕೊಂಡಿ ಕಳಚಿದರೂ ನೆನಪು ಹೋಯ್ತು. ಕಣ್ಣು ಮಾತ್ರ ಪಿಳಿಪಿಳಿ ಅಂತ ನೋಡ್ತಾನೇ ಇರುತ್ತೆ.

ಜನ ಮೋಸ ಹೋಗೋದೇ ಇಲ್ಲಿ. 'ನನ್ನ ಫೋನಲ್ಲಿ ಎಲ್ಲಾ ಕ್ಲಿಯರ್ ಆಗಿ ಕಾಣ್ತಾ ಇದೆ ಸಾರ್' ಅಂತಾರೆ. ಫೋನಲ್ಲಿ ಕಾಣೋದು ಆ ಕ್ಷಣದ ನೇರ ದೃಶ್ಯ. ಹೆಚ್ಚಿನ ಕ್ಯಾಮೆರಾಗಳು ಎರಡು ಹರಿವು ಕಳಿಸುತ್ತವೆ. ಒಂದು ಹಗುರವಾದದ್ದು, ನೋಡುವುದಕ್ಕೆ. ಇನ್ನೊಂದು ಭಾರವಾದದ್ದು, ದಾಖಲಿಸುವುದಕ್ಕೆ. ಹಗುರವಾದದ್ದು ಬರುತ್ತಿದೆ ಅಂದ ಮಾತ್ರಕ್ಕೆ ಭಾರವಾದದ್ದು ಡಿಸ್ಕಿಗೆ ಇಳಿಯುತ್ತಿದೆ ಅಂತ ಅರ್ಥವಲ್ಲ.

ಹಾಗಾದರೆ ದೃಶ್ಯ ಎಲ್ಲಿ ಹೋಗುತ್ತೆ? ಒಂದೊಂದಾಗಿ ನೋಡೋಣ.

ಮೊದಲನೆಯದು ಜಾಗ. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ವೇಗದಲ್ಲಿ ದೃಶ್ಯ ಕಳಿಸುತ್ತೆ ಅಂತಿಟ್ಟುಕೊಳ್ಳಿ. ಗಂಟೆಗೆ 1.8 ಜಿಬಿ. ದಿನಕ್ಕೆ 43 ಜಿಬಿ. ಎಂಟು ಕ್ಯಾಮೆರಾ ಇದ್ದರೆ ದಿನಕ್ಕೆ ಸುಮಾರು 345 ಜಿಬಿ. ನೀವು ಹಾಕಿಸಿದ್ದು 2 ಟಿಬಿ ಡಿಸ್ಕು. ಎಷ್ಟು ದಿನ ಬಂತು? ಆರು ದಿನವೂ ಪೂರ್ತಿ ಇಲ್ಲ. ಏಳನೇ ದಿನ ಮೊದಲ ದಿನದ ಮೇಲೆ ಬರೆದುಕೊಂಡು ಹೋಗುತ್ತೆ. ಹಾಕಿದವನು 'ಒಂದು ತಿಂಗಳು ಇರುತ್ತೆ ಸಾರ್' ಅಂದ, ನೀವು ನಂಬಿದಿರಿ. ತಿಂಗಳು ಬೇಕಾದರೆ ಇದೇ ಲೆಕ್ಕದಲ್ಲಿ 10 ಟಿಬಿಗೂ ಹೆಚ್ಚು ಬೇಕು. ಎಚ್.265 ಅನ್ನೋ ಸಂಕೋಚನ ಬಳಸಿದರೆ ಇದು ಸುಮಾರು ಅರ್ಧಕ್ಕೆ ಇಳಿಯಬಹುದು. ಕೆಲವು ಪೆಟ್ಟಿಗೆಗಳಲ್ಲಿ 'ಓವರ್‌ರೈಟ್' ಅನ್ನೋ ಸೆಟ್ಟಿಂಗ್ ಆಫ್ ಆಗಿರುತ್ತೆ. ಆಗ ಇನ್ನೂ ಚೆಂದ. ಡಿಸ್ಕು ತುಂಬಿದ ದಿನ ರೆಕಾರ್ಡಿಂಗ್ ನಿಂತೇ ಹೋಗುತ್ತೆ, ಯಾರಿಗೂ ಗೊತ್ತಾಗಲ್ಲ.

ಎರಡನೆಯದು ಕರೆಂಟು. ನಮ್ಮೂರಿನ ಕಥೆ ಇದು. ಎನ್‌ವಿಆರ್‌ಗೆ ಯುಪಿಎಸ್ ಕೊಟ್ಟಿರುತ್ತಾರೆ. ಕ್ಯಾಮೆರಾಗಳಿಗೆ ವಿದ್ಯುತ್ ಕೊಡೋ ಪಿಒಇ ಸ್ವಿಚ್ಚು ಮಾತ್ರ ಇನ್ಯಾವುದೋ ಪ್ಲಗ್ಗಿನಲ್ಲಿ. ಕರೆಂಟು ಹೋದ ಕೂಡಲೇ ಪೆಟ್ಟಿಗೆ ಎಚ್ಚರವಾಗಿದೆ, ಕಣ್ಣುಗಳೆಲ್ಲ ಮುಚ್ಚಿಕೊಂಡಿವೆ. ಕಳ್ಳ ಬರೋದು ಯಾವಾಗ? ಕರೆಂಟು ಹೋದಾಗ.

ಇದಕ್ಕಿಂತ ಸೂಕ್ಷ್ಮವಾದದ್ದು ರಾತ್ರಿಯ ಕಾಯಿಲೆ. ಹಗಲೆಲ್ಲ ರೆಕಾರ್ಡ್ ಆಗುತ್ತೆ, ಕತ್ತಲಾದ ಮೇಲೆ ತುಂಡು ತುಂಡು. ಯಾಕೆ? ಕತ್ತಲಾದಾಗ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಳ್ಳುತ್ತವೆ. ಹಗಲು 5 ವ್ಯಾಟ್ ಸಾಕಾಗಿದ್ದ ಕ್ಯಾಮೆರಾ ರಾತ್ರಿ 9 ವ್ಯಾಟ್ ಕೇಳುತ್ತೆ ಅನ್ನಿ. ಎಂಟು ಕ್ಯಾಮೆರಾಗೆ 72 ವ್ಯಾಟ್. ಸ್ವಿಚ್ಚಿನ ಒಟ್ಟು ತಾಕತ್ತು 60 ವ್ಯಾಟ್ ಆಗಿದ್ದರೆ? ಒಂದೋ ಎರಡೋ ಕ್ಯಾಮೆರಾ ಆಫ್ ಆಗಿ ಆನ್ ಆಗಿ ಒದ್ದಾಡುತ್ತವೆ. ಬೆಳಿಗ್ಗೆ ನೋಡಿದರೆ ಎಲ್ಲ ಸರಿಯಾಗಿದೆ! ಮೆಕ್ಯಾನಿಕ್ ಹಗಲು ಬರ್ತಾನೆ, 'ಏನೂ ಪ್ರಾಬ್ಲಂ ಇಲ್ಲ' ಅಂತ ಹೇಳಿ ದುಡ್ಡು ತಗೊಂಡು ಹೋಗ್ತಾನೆ. ಹಾಗೆಯೇ ನೆಟ್‌ವರ್ಕ್ ಕೇಬಲ್ 100 ಮೀಟರ್ ದಾಟಿದರೂ, ಮಳೆನೀರು ಕನೆಕ್ಟರಿಗೆ ಇಳಿದರೂ ಇದೇ ರೀತಿಯ ತೂತುಗಳು.

ಮೂರನೆಯದು ವಿಳಾಸ. ಪ್ರತಿ ಕ್ಯಾಮೆರಾಗೂ ನೆಟ್‌ವರ್ಕಿನಲ್ಲಿ ಒಂದು ಐಪಿ ವಿಳಾಸ ಇರುತ್ತೆ. ಇಂಟರ್‌ನೆಟ್‌ನವನು ಬಂದು ಹೊಸ ರೌಟರ್ ಇಟ್ಟ. ರೌಟರ್ ಎಲ್ಲರಿಗೂ ಹೊಸ ವಿಳಾಸ ಹಂಚಿತು. ಎನ್‌ವಿಆರ್ ಮಾತ್ರ ಹಳೇ ಮನೆಯ ಬಾಗಿಲನ್ನೇ ತಟ್ಟುತ್ತಾ ಕೂತಿದೆ. ಯಾರೋ ಕ್ಯಾಮೆರಾದ ಪಾಸ್‌ವರ್ಡ್ ಬದಲಿಸಿ ಪೆಟ್ಟಿಗೆಯಲ್ಲಿ ಬದಲಿಸೋದು ಮರೆತರೂ ಅಷ್ಟೇ. ಪರಿಹಾರ ಸುಲಭ. ಕ್ಯಾಮೆರಾಗಳಿಗೆ ಬದಲಾಗದ ವಿಳಾಸ ಕೊಡಿಸಿ, ಒಂದು ಹಾಳೆಯಲ್ಲಿ ಬರೆಸಿ ಪೆಟ್ಟಿಗೆಯ ಪಕ್ಕ ಇಟ್ಟುಕೊಳ್ಳಿ.

ನಾಲ್ಕನೆಯದು ಚಲನೆ. ಜಾಗ ಉಳಿಸೋಕೆ ಅಂತ 'ಮೋಷನ್' ಇದ್ದಾಗ ಮಾತ್ರ ರೆಕಾರ್ಡ್ ಮಾಡು ಅಂತ ಇಟ್ಟಿರುತ್ತಾರೆ. ಮರ ಅಲ್ಲಾಡಿದರೆ ರೆಕಾರ್ಡ್, ಜೇಡ ಬಲೆ ಕಟ್ಟಿದರೆ ರೆಕಾರ್ಡ್. ದೂರದ ಕತ್ತಲಲ್ಲಿ ನಿಧಾನಕ್ಕೆ ನಡೆದು ಬಂದ ಮನುಷ್ಯ? ಇಲ್ಲ. ಮುಖ್ಯ ಬಾಗಿಲು, ಗಲ್ಲಾಪೆಟ್ಟಿಗೆ, ಗೇಟು, ಇವಕ್ಕೆ 24 ಗಂಟೆಯೂ ರೆಕಾರ್ಡಿಂಗ್ ಇರಲಿ. ಉಳಿದ ಕಡೆ ಬೇಕಾದರೆ ಮೋಷನ್ ಇಡಿ.

ಐದನೆಯದು ಗಡಿಯಾರ. ಎಷ್ಟೋ ಸಲ ದೃಶ್ಯ ಕಳೆದೇ ಹೋಗಿರಲ್ಲ, ಬೇರೆ ಗಂಟೆಯಲ್ಲಿ ಕೂತಿರುತ್ತೆ. ಪೆಟ್ಟಿಗೆಯಲ್ಲಿ ಚೀನಾದ ಸಮಯವೇ ಉಳಿದಿದ್ದರೆ ನಮಗಿಂತ ಎರಡೂವರೆ ಗಂಟೆ ಮುಂದೆ. ರಾತ್ರಿ 11ಕ್ಕೆ ನಡೆದ ಘಟನೆ ಮರುದಿನದ ತಾರೀಖಿನಲ್ಲಿ 1.30ಕ್ಕೆ ಇರುತ್ತೆ. ಒಳಗಿನ ಪುಟ್ಟ ಬ್ಯಾಟರಿ ಸತ್ತರೆ, ಕರೆಂಟು ಹೋಗಿ ಬಂದಾಗ ಕೆಲವು ಪೆಟ್ಟಿಗೆಗಳು ಸೀದಾ 2000ಕ್ಕೋ 1970ಕ್ಕೋ ಹೋಗಿಬಿಡುತ್ತವೆ. ಹಾಗಾಗಿ 'ಇಲ್ಲ' ಅಂತ ಹೇಳೋ ಮೊದಲು ಹಿಂದೆ ಮುಂದೆ ಮೂರು ಗಂಟೆ, ಹಿಂದಿನ ಮುಂದಿನ ತಾರೀಖು ಹುಡುಕಿ.

ಕೊನೆಯದು ಡಿಸ್ಕಿನ ಸಾವು. ದಿನದ 24 ಗಂಟೆಯೂ ಬರೆಯುವ ಕೆಲಸ ಅದು. ಅದಕ್ಕೆ ಅಂತಲೇ ತಯಾರಾದ ಡಿಸ್ಕುಗಳಿವೆ. ನಾಲ್ಕು ಕಾಸು ಉಳಿಸೋಕೆ ಮಾಮೂಲಿ ಕಂಪ್ಯೂಟರಿನ ಡಿಸ್ಕು ತುರುಕಿದರೆ ಅದು ಬೇಗ ಸೋಲುತ್ತೆ. ಪೆಟ್ಟಿಗೆ ಬೀಪ್ ಬೀಪ್ ಅಂತ ಹೇಳುತ್ತೆ. ನಾವೇನು ಮಾಡ್ತೀವಿ? 'ಕಿರಿಕಿರಿ' ಅಂತ ಬೀಪ್ ಆಫ್ ಮಾಡ್ತೀವಿ!

ಇಷ್ಟು ಯಂತ್ರದ ಮಾತು. ಈಗ ಮನುಷ್ಯರ ಮಾತಿಗೆ ಬರ್ತೀನಿ.

ನಮ್ಮ ರಾಜ್ಯದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಇದೆ. ಜನ ಸೇರುವ ದೊಡ್ಡ ಸ್ಥಳಗಳು ಸಿಸಿಟಿವಿ ಹಾಕಬೇಕು, 30 ದಿನದ ದೃಶ್ಯ ಇಟ್ಟಿರಬೇಕು ಅನ್ನುತ್ತೆ. ಇನ್ನು ಪೊಲೀಸ್ ಠಾಣೆಗಳ ವಿಷಯಕ್ಕೆ, 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಪ್ಪಟವಾಗಿ ಹೇಳಿದೆ. ಪ್ರತಿ ಠಾಣೆಯ ಗೇಟು, ಲಾಕಪ್ಪು, ಕಾರಿಡಾರು, ಇನ್‌ಸ್ಪೆಕ್ಟರ್ ಕೊಠಡಿ, ಎಲ್ಲ ಕಡೆ ಕ್ಯಾಮೆರಾ ಇರಬೇಕು. ಚಿತ್ರದ ಜೊತೆ ಧ್ವನಿಯೂ ಇರಬೇಕು. ದೃಶ್ಯವನ್ನು 18 ತಿಂಗಳು, ಅಂಥ ವ್ಯವಸ್ಥೆ ಸಿಗದಿದ್ದರೆ ಕನಿಷ್ಠ ಒಂದು ವರ್ಷ ಇಡಬೇಕು. ಕ್ಯಾಮೆರಾ ಕೆಟ್ಟರೆ ಜವಾಬ್ದಾರಿ ಯಾರದು? ಠಾಣಾಧಿಕಾರಿಯದು. ಕೂಡಲೇ ಜಿಲ್ಲಾ ಮಟ್ಟದ ಸಮಿತಿಗೆ ತಿಳಿಸಬೇಕು ಅಂತ ತೀರ್ಪಿನಲ್ಲೇ ಇದೆ.

ಈಗ ಹೇಳಿ. ಒಬ್ಬ ತಾಯಿ ಬಂದು, 'ನನ್ನ ಮಗನನ್ನು ಒಳಗೆ ಹೊಡೆದರು' ಅಂತಾಳೆ. ಸಾಕ್ಷಿ ಒಂದೇ, ಗೋಡೆ ಮೇಲಿನ ಆ ಕಣ್ಣು. ಅಲ್ಲಿಂದ ಬರೋ ಉತ್ತರ, 'ತಾಂತ್ರಿಕ ದೋಷ.' ತಾಂತ್ರಿಕ ದೋಷ ನಿಜವೂ ಇರಬಹುದು, ಮೇಲೆ ನಾನೇ ಆರು ಕಾರಣ ಕೊಟ್ಟೆ. ಆದರೆ ತಾಂತ್ರಿಕ ದೋಷಕ್ಕೆ ಗುರುತು ಇರುತ್ತೆ ಸ್ವಾಮಿ! ಪೆಟ್ಟಿಗೆಯೊಳಗೆ ಲಾಗ್ ಅಂತ ಇರುತ್ತೆ. ಯಾವ ಕ್ಯಾಮೆರಾ ಎಷ್ಟು ಗಂಟೆಗೆ ಕಡಿದುಹೋಯ್ತು, ಕರೆಂಟು ಯಾವಾಗ ಹೋಯ್ತು, ಯಾರು ಲಾಗಿನ್ ಆದರು ಅನ್ನೋದನ್ನೆಲ್ಲ ಹೆಚ್ಚಿನ ಪೆಟ್ಟಿಗೆಗಳು ಬರೆದಿಡುತ್ತವೆ. 'ದೃಶ್ಯ ಇಲ್ಲ' ಅಂದಾಗ ಮುಂದಿನ ಪ್ರಶ್ನೆ ಇದಾಗಬೇಕು: 'ಸರಿ, ಲಾಗ್ ಕೊಡಿ.' ಎಲ್ಲ ಕ್ಯಾಮೆರಾಗಳೂ ಒಟ್ಟಿಗೆ ನಿಂತಿದ್ದರೆ ಕರೆಂಟೋ ಡಿಸ್ಕೋ ಇರಬಹುದು. ಲಾಕಪ್ಪಿನ ಮುಂದಿನ ಒಂದೇ ಕ್ಯಾಮೆರಾ, ಅದೇ ಒಂದು ಗಂಟೆ ನಿಂತಿದ್ದರೆ? ಆಗ ಉತ್ತರ ಕೊಡಬೇಕಾದ್ದು ಯಂತ್ರ ಅಲ್ಲ, ಮನುಷ್ಯ.

ನೀವು ಮನೆಯಲ್ಲೋ ಅಂಗಡಿಯಲ್ಲೋ ಏನು ಮಾಡಬೇಕು? ತಿಂಗಳಿಗೊಮ್ಮೆ ಹತ್ತು ನಿಮಿಷ. ಲೈವ್ ನೋಡಬೇಡಿ. 'ನಿನ್ನೆ ರಾತ್ರಿ ಎರಡು ಗಂಟೆ' ತೆಗೆದು ಪ್ಲೇ ಮಾಡಿ. ಆಮೇಲೆ ಅತ್ಯಂತ ಹಳೆಯ ದೃಶ್ಯ ಯಾವ ತಾರೀಖಿನದು ನೋಡಿ. ಗಡಿಯಾರವನ್ನು ನಿಮ್ಮ ಫೋನಿನ ಜೊತೆ ಹೋಲಿಸಿ. ಒಮ್ಮೆ ಮೇನ್ ಆಫ್ ಮಾಡಿ, ಕ್ಯಾಮೆರಾ ಬದುಕಿರುತ್ತಾ ನೋಡಿ.

ಘಟನೆ ನಡೆದರೆ ಗಾಬರಿಯಲ್ಲಿ ಪೆಟ್ಟಿಗೆ ರೀಸೆಟ್ ಮಾಡಬೇಡಿ, ಡಿಸ್ಕು ಫಾರ್ಮ್ಯಾಟ್ ಮಾಡಬೇಡಿ. ಬೇಕಾದ ಭಾಗವನ್ನು ಅವತ್ತೇ ಕಾಪಿ ಮಾಡಿ, ಯಾಕೆಂದರೆ ಹಳೆಯದರ ಮೇಲೆ ಹೊಸದು ಬರೆಯೋ ಗಡಿಯಾರ ಓಡ್ತಾ ಇದೆ. ಸ್ಕ್ರೀನನ್ನು ಮೊಬೈಲಿನಲ್ಲಿ ಶೂಟ್ ಮಾಡಿಕೊಂಡರೆ ನಮ್ಮ ಟಿವಿಗೆ ಸಾಕು, ಕೋರ್ಟಿಗೆ ಸಾಲದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಕಾಪಿಯ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವೂ ಇರಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಅಂದುಕೊಳ್ಳಿ. ಒಂದು ಅಕ್ಷರ ತಿದ್ದಿದರೂ ಅದು ಬದಲಾಗುತ್ತೆ.

ಕ್ಯಾಮೆರಾ ಖರೀದಿಗೆ ಟೆಂಡರ್ ಕರೆಯೋರಿದ್ದಾರೆ, ರಿಬ್ಬನ್ ಕತ್ತರಿಸೋರಿದ್ದಾರೆ, ಎಷ್ಟು ಸಾವಿರ ಕ್ಯಾಮೆರಾ ಹಾಕಿದೆವು ಅಂತ ಎಣಿಸೋರಿದ್ದಾರೆ. ನಾನು ಕೇಳೋದು ಬೇರೆ ಲೆಕ್ಕ. ನಿನ್ನೆ ರಾತ್ರಿ ಎರಡು ಗಂಟೆಯ ದೃಶ್ಯ ಇವತ್ತು ಎಷ್ಟು ಕ್ಯಾಮೆರಾಗಳಲ್ಲಿದೆ? ಆ ಲೆಕ್ಕ ಕೊಡಿ ಸಾಕು. ಉಳಿದದ್ದು ಬರೀ ಬೋರ್ಡು.