ಪೋಟ್ಲಿ ಬಾಬಾ ಕಲಿಸಿದ ಹಿಂದಿ



ದೂರದರ್ಶನದಲ್ಲಿ ಬರುತ್ತಿದ್ದ ‘ಪೋಟ್ಲಿ ಬಾಬಾ ಕೀ’ ಬೊಂಬೆಯಾಟದ ಧಾರಾವಾಹಿ ನೆನಪಿದೆಯೇ? 1991ರ ಮಾತು. ಶೀರ್ಷಿಕೆ ಗೀತೆ ಗುಲ್ಜಾರ್ ಅವರದು. ಬಾಬಾನ ಗಂಟಿನಿಂದ ಆಲಿಬಾಬಾನಂಥ ಕಥೆಗಳು ಹೊರಬರುತ್ತಿದ್ದವು.

ಡೊಂಬಿವಲಿಯ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಅಮ್ಮನೂ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಮದುವೆಯಾಗಿ ಊರಿನಿಂದ ಬಂದವಳಿಗೆ ಹಿಂದಿ ಬರುತ್ತಿರಲಿಲ್ಲ. “ಏನಂದ ಅವನು?” ಎಂದು ಮಧ್ಯೆ ಮಧ್ಯೆ ಕೇಳಿದರೆ ನನಗೆ ಸಿಟ್ಟು, ರೇಗುತ್ತಿದ್ದೆ.

ಮೊನ್ನೆ ಮಗಳಿಗೆಂದು ಅದನ್ನೇ ಯೂಟ್ಯೂಬಿನಲ್ಲಿ ಹಾಕಿದೆ. ದಿನವಿಡೀ ಕೋಡ್‌ನಲ್ಲಿ ತಪ್ಪು ಹುಡುಕುವ ಕಣ್ಣು ನನ್ನದು. ಚಿತ್ರ ಮಸುಕು, ಕಥೆ ನಿಧಾನ ಎನ್ನಿಸಿತು. ಮಗಳು ಎರಡೇ ನಿಮಿಷಕ್ಕೆ ಎದ್ದುಹೋದಳು. ಅಮ್ಮ ಮಾತ್ರ ಕೊನೆಯವರೆಗೂ ಕೂತಳು.

“ನಾನು ಹಿಂದಿ ಕಲಿತದ್ದು ಇವನಿಂದಲೇ. ಬೊಂಬೆಗಳು ನಿಧಾನವಾಗಿ ಮಾತಾಡುತ್ತವೆ, ನೋಡು. ನಿನ್ನ ಶಾಲೆಗೆ ಬಂದು ಟೀಚರ್ ಹತ್ತಿರ ಮಾತಾಡಬೇಕಿತ್ತಲ್ಲ, ಅದಕ್ಕೇ ನಿನ್ನಿಂದ ಬೈಸಿಕೊಂಡಾದರೂ ಕೇಳುತ್ತಿದ್ದೆ” ಎಂದಳು.

ಎಂ.ಟೆಕ್ ಓದಿದ ನನಗೆ ಇಷ್ಟು ವರ್ಷ ಇದು ಹೊಳೆದೇ ಇರಲಿಲ್ಲ. ಈಗ ಅಮ್ಮ ಮೊಬೈಲ್ ಹಿಡಿದು ಮತ್ತೆ ಮತ್ತೆ ಅದನ್ನೇ ಕೇಳುತ್ತಾಳೆ: “ಇದು ಹೇಗೆ?” ನಾನು ಲ್ಯಾಪ್‌ಟಾಪ್ ಮುಚ್ಚಿ, ನಿಧಾನವಾಗಿ ಹೇಳಿಕೊಡುತ್ತೇನೆ.

ಗೆಳತಿಯರೇ, ಮುಂಬಯಿಗೆ ಬಂದ ಹೊಸತರಲ್ಲಿ ಇಲ್ಲಿನ ಮಾತು ಯಾರಿಂದ ಕಲಿತಿರೆಂದು ನಿಮ್ಮ ಅಮ್ಮ, ಅತ್ತೆಯರನ್ನೂ ಒಮ್ಮೆ ಕೇಳಿ ನೋಡಿ.