ಆರ್‌ಸಿಯಲ್ಲಿ ನನ್ನ ಹೆಸರಿತ್ತು

(ಪುಣೆಯ ನಮ್ಮ ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ತಿಂಗಳ ವಿಷಯ 'ಮನೆಯ ದೊಡ್ಡ ನಿರ್ಧಾರಗಳು' ಎಂದಾಗ ಫ್ಲ್ಯಾಟು, ಚಿನ್ನ, ಊರಿನ ಜಮೀನು ಇವುಗಳ ಮಾತು ಬರುತ್ತದೆ ಎಂದು ನೀವು ಅಂದುಕೊಂಡಿರಬಹುದು. ನಾನು ಹೇಳಲು ಹೊರಟಿರುವುದು ಒಂದು ಕಾರಿನ ವಿಷಯ. ಕಂಪನಿಯಿಂದ ಬಂದಾಗ ಒಂದು ಬಗೆ, ನಮ್ಮ ಮಗನ ಕೈಗೆ ಸಿಕ್ಕ ಮೇಲೆ ಇನ್ನೊಂದು ಬಗೆ ಆದ ಕಾರು ಅದು. ಅದನ್ನು ಮಾರಬೇಕೋ ಇಟ್ಟುಕೊಳ್ಳಬೇಕೋ ಎಂಬ ಚರ್ಚೆ ಕಳೆದ ವರ್ಷ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ತಿಂಡಿಗೂ ಊಟಕ್ಕೂ ನಂಚಿಕೊಳ್ಳಲು ಇತ್ತು.

ಕಾರು ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. ನಮ್ಮ ಪಕ್ಕದ ಚಾಕಣದ ಕಾರ್ಖಾನೆಯಲ್ಲೇ ತಯಾರಾದದ್ದು. 1.2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 105 ಪಿಎಸ್ ಶಕ್ತಿ, 7 ಗೇರಿನ ಆಟೊಮ್ಯಾಟಿಕ್. ನೋಡಲು ಚಿಕ್ಕದು, ಓಡಲು ಚುರುಕು. 2022ರಲ್ಲಿ ಇಲ್ಲಿ ಪೋಲೋ ತಯಾರಿಕೆ ನಿಂತ ಮೇಲಂತೂ ಅಭಿಮಾನಿಗಳಿಗೆ ಅದರ ಮೇಲಿನ ಮೋಹ ಹೆಚ್ಚಾಯಿತು. ನಾವು ಕೊಂಡದ್ದು 2015ರಲ್ಲಿ. ನಾನಾಗ ಬ್ಯಾಂಕಿನ ಕೆಲಸದಲ್ಲಿದ್ದೆ. ಸಿಬ್ಬಂದಿಗೆ ಕಡಿಮೆ ಬಡ್ಡಿಗೆ ಸಾಲ ಸಿಗುತ್ತಿತ್ತು. ಹಾಗಾಗಿ ಸಾಲವೂ ನನ್ನ ಹೆಸರಿಗೆ, ಆರ್‌ಸಿ ಪುಸ್ತಕವೂ ನನ್ನ ಹೆಸರಿಗೆ.

ಮಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಕೆಲಸಕ್ಕೆ ಸೇರಿದ ಮೇಲೆ, ಆರು ವರ್ಷಗಳಲ್ಲಿ, ತನ್ನ ಸಂಬಳದಿಂದ ಆ ಕಾರನ್ನು ಒಂದೊಂದಾಗಿ ಬದಲಾಯಿಸುತ್ತಾ ಹೋದ. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕು, ಟರ್ಬೊ ಎಷ್ಟು ಒತ್ತಡ ಕೊಡಬೇಕು ಎಂದು ಲೆಕ್ಕ ಹಾಕುವ ಕಂಪ್ಯೂಟರಿಗೆ ಇಸಿಯು ಎನ್ನುತ್ತಾರೆ. ಅದರ ಲೆಕ್ಕಾಚಾರ ಬದಲಾಯಿಸಿದ. ಹೊಗೆ ಹೋಗುವ ಕೊಳವೆ ಬದಲಾಯಿಸಿದ. ಗಾಳಿ ಒಳಬರುವ ದಾರಿ, ಸ್ಪ್ರಿಂಗು-ಶಾಕ್ ಅಬ್ಸಾರ್ಬರ್, ಬ್ರೇಕು, ಚಕ್ರ, ಮುಂದಿನ ಎರಡು ಸೀಟು, ಎಲ್ಲವೂ ಹೊಸವು. ಶಕ್ತಿ 140ರ ಆಸುಪಾಸಿಗೆ ಬಂತು. ಟಾರ್ಕ್ ಅಂದರೆ ಚಕ್ರವನ್ನು ತಿರುಗಿಸುವ ಬಲ. ಅದು ಕಂಪನಿಯ ಲೆಕ್ಕದಲ್ಲಿ 175 ನ್ಯೂಟನ್ ಮೀಟರ್; ಈಗ 240. ಆ ಗೇರ್‌ಬಾಕ್ಸ್ ತಾಳುವ ಮಿತಿ 250 ಎಂದು ಅವನೇ ಹೇಳಿದ್ದ. ಸಾಲದ ಮಿತಿಯ ಅಂಚಿನಲ್ಲೇ ಸದಾ ಓಡುವ ಖಾತೆಗಳನ್ನು ನಾನು ಬ್ಯಾಂಕಿನಲ್ಲಿ ಎಷ್ಟೋ ನೋಡಿದ್ದೇನೆ. ಅವುಗಳ ಮೇಲೆ ದಿನಾ ಒಂದು ಕಣ್ಣಿಟ್ಟಿರಬೇಕು. ಆ ಕಣ್ಣು ಮಗನದಾಗಿತ್ತು. ಪ್ರತಿ ಭಾನುವಾರ ಬಾನೆಟ್ ಎತ್ತಿ ನೋಡುತ್ತಿದ್ದ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ.

ಆಮೇಲೆ ಅವನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು, ಹೊರಟ. ಕಾರು ನಮ್ಮ ಸೊಸಾಯಿಟಿಯ ಪಾರ್ಕಿಂಗಿನಲ್ಲಿ ಉಳಿಯಿತು.

ನಮ್ಮ ಮನೆಯವರಿಗೆ ಮಂಡಿನೋವು. ತಗ್ಗಿನಲ್ಲಿದ್ದ ಆ ಸೀಟಿಗೆ ಇಳಿದರೆ ಏಳುವುದಕ್ಕೆ ಇನ್ನೊಬ್ಬರು ಬೇಕು. ನಾನು ಓಡಿಸಬಲ್ಲೆ, ಆದರೆ ಗೇಟಿನ ಸ್ಪೀಡ್ ಬ್ರೇಕರಿಗೆ ಹೊಟ್ಟೆ ಉಜ್ಜದಂತೆ ಅಡ್ಡಡ್ಡ ತಿರುಗಿಸಿ ದಾಟಿಸುವಷ್ಟರಲ್ಲಿ ಹಿಂದೆ ಹತ್ತು ಹಾರ್ನ್. ಓಡಿಸದ ಕಾರು ತಣ್ಣಗೆ ಇರುವುದಿಲ್ಲ. ಬ್ಯಾಟರಿ ಇಳಿಯುತ್ತದೆ, ನಿಂತಲ್ಲೇ ನಿಂತು ಟೈರಿನ ತಳ ಚಪ್ಪಟೆಯಾಗುತ್ತದೆ, ಟ್ಯಾಂಕಿನಲ್ಲಿರುವ ಪೆಟ್ರೋಲ್ ಹಳಸುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 3719 ಎಂದಿದ್ದರೆ 2019ರ 37ನೇ ವಾರ ತಯಾರಾದದ್ದು ಎಂದರ್ಥ. ಮನೆಗೆ ಹೋಗಿ ನಿಮ್ಮ ಕಾರಿನ ಟೈರನ್ನೂ ಒಮ್ಮೆ ನೋಡಿ.

'ಇರಲಿ ಬಿಡು, ಮಗು ಬಂದಾಗ ಓಡಿಸುತ್ತಾನೆ' ಎಂದರು ನಮ್ಮವರು. ವರ್ಷಕ್ಕೆ ಎರಡು ವಾರ ಓಡುವ ಕಾರಿಗೆ ವಿಮೆ, ಪಾರ್ಕಿಂಗ್, ರಿಪೇರಿ. ಆದರೂ ಅವರ ಮಾತನ್ನು ನಾನು ತಳ್ಳಿಹಾಕಲಿಲ್ಲ. ಮನಸ್ಸಿಗೂ ಒಂದು ಲೆಕ್ಕವಿದೆ. ಅದನ್ನು ಬಿಟ್ಟು ದುಡ್ಡಿನದೊಂದೇ ಲೆಕ್ಕ ಹಾಕಿದರೆ ಮನೆ ನಡೆಯುವುದಿಲ್ಲ.

ನನ್ನನ್ನು ಯೋಚನೆಗೆ ಹಚ್ಚಿದ್ದು ಆರ್‌ಸಿಯಲ್ಲಿದ್ದ ನನ್ನ ಹೆಸರು. ಕಾಯ್ದೆ ಏನು ಹೇಳುತ್ತದೆ ಎಂದು ಕೂತು ಓದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ, ಆರ್‌ಸಿಯಲ್ಲಿ ನಮೂದಾದ ವಿವರಗಳು ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಾಯಿಸುವಂತಿಲ್ಲ. ಸಿಎನ್‌ಜಿ ಕಿಟ್, ಅಂಗವಿಕಲರಿಗೆ ಬೇಕಾದ ಅಳವಡಿಕೆ ಇಂಥವಕ್ಕೆ ಅನುಮತಿಯ ದಾರಿಗಳಿವೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿ ಇನ್ನೂ ಕಟ್ಟುನಿಟ್ಟು: ಅನುಮತಿ ಇಲ್ಲದ ಬದಲಾವಣೆಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಇದು 'ಮಾಲೀಕ'ರಿಗೆ. ಸ್ಪ್ಯಾನರ್ ಹಿಡಿದವರು ಯಾರು ಎಂದು ಕಾಯ್ದೆ ಕೇಳುವುದಿಲ್ಲ.

ವಿಮೆಯ ವಿಷಯವೂ ಹಾಗೆಯೇ. ತಿಳಿಸದೆ ಮಾಡಿದ ಬದಲಾವಣೆ ಇದ್ದರೆ, ನಮ್ಮ ಕಾರಿಗೆ ಆದ ಹಾನಿಯ ಕ್ಲೇಮಿಗೆ ಕಂಪನಿ ತಕರಾರು ತೆಗೆಯಬಹುದು.

ಇನ್ನೊಂದು ತೀರ್ಪನ್ನು ನೀವೆಲ್ಲ ನೆನಪಿಟ್ಟುಕೊಳ್ಳಬೇಕು. ಒಂದು ಕಾರು ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಮಾರಾಟವಾಗುತ್ತಾ ಹೋಗಿತ್ತು. ಆರ್‌ಟಿಓ ದಾಖಲೆಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿದಿತ್ತು. ಅಪಘಾತವಾಗಿ ಒಂದು ಜೀವ ಹೋಯಿತು. 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದು. ಕಾರು ಕಣ್ಣಿಂದ ಮರೆಯಾಗಿ ವರ್ಷವಾಗಿದ್ದರೂ ಅಷ್ಟೇ.

ಅಂದರೆ ಇಟ್ಟುಕೊಂಡರೂ ಹೊಣೆ, ಹೇಗೆ ಬೇಕೋ ಹಾಗೆ ಮಾರಿದರೂ ಹೊಣೆ. ಹಾಗಾಗಿ 'ಮಾರಬೇಕೇ' ಎಂಬುದರ ಜೊತೆಗೆ 'ಯಾವ ರೂಪದಲ್ಲಿ, ಯಾರಿಗೆ' ಎಂಬ ಪ್ರಶ್ನೆಯೂ ಸೇರಿತು.

ಬೆಲೆ ವಿಚಾರಿಸಲು ಶುರು ಮಾಡಿದೆ. ಮಗ ಬದಲಾವಣೆಗೆ ಹಾಕಿದ್ದ ದುಡ್ಡು ಒಟ್ಟು 4,60,000 ರೂಪಾಯಿ. ಹಳೆ ಕಾರು ಕೊಳ್ಳುವ ವ್ಯಾಪಾರಿಯೊಬ್ಬರು ಬಂದು ಒಂದು ಸುತ್ತು ಹಾಕಿ, ಬದಲಾವಣೆ ಇರುವ ಕಾರಿಗೆ ಗಿರಾಕಿ ಕಡಿಮೆ ಎಂದು ಹೇಳಿ, ಇಡೀ ಕಾರಿಗೆ 2,60,000 ಎಂದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಮಾರುಕಟ್ಟೆಗೆ ಹೆಗ್ಗಣ ಹೆಗ್ಗಣವೇ. ಫೋನ್ ಮಾಡಿದವರಲ್ಲಿ ಅರ್ಧದಷ್ಟು ಜನ 'ಸಾಹೇಬರಿಗೆ ಕೊಡಿ' ಎಂದರು. ಸಾಹೇಬರು ಪಕ್ಕದಲ್ಲೇ ಪೇಪರ್ ಓದುತ್ತಾ 'ನನಗೇನೂ ಗೊತ್ತಿಲ್ಲಪ್ಪ, ಅವಳನ್ನೇ ಕೇಳಿ' ಎನ್ನುತ್ತಿದ್ದರು.

ಆಗ ಬಂದ ಒಬ್ಬ ಹುಡುಗ, ವಯಸ್ಸು ಇಪ್ಪತ್ತೊಂದು. ಲೈಸೆನ್ಸ್ ಆಗಿ ಎಂಟು ತಿಂಗಳು. ಕಾರು ನೋಡಿದ ಕೂಡಲೇ ಕಣ್ಣು ಅರಳಿತು. 'ಕಾಕೂ, ಏನೂ ಬಿಚ್ಚಬೇಡಿ, ಹೀಗೇ ಕೊಡಿ. ಐದೂವರೆ ಲಕ್ಷ ಕೊಡ್ತೀನಿ. ಹೆಸರು ಬದಲಾಯಿಸೋದು ಆಮೇಲೆ ನೋಡೋಣ' ಎಂದ. ಎಷ್ಟು ವೇಗ ಹೋಗುತ್ತದೆ ಎಂದು ಮೂರು ಸಲ ಕೇಳಿದ. ಬ್ರೇಕಿನ ಬಗ್ಗೆ ಒಮ್ಮೆಯೂ ಕೇಳಲಿಲ್ಲ. ಒಳ್ಳೆಯ ಹುಡುಗನೇ. ನೀರು ಕೊಟ್ಟರೆ ಲೋಟ ತಾನೇ ಅಡುಗೆಮನೆಗೆ ತಂದಿಟ್ಟ. ಅದನ್ನು ನೋಡಿದ ಮೇಲೆ ನನಗೆ ಇನ್ನೂ ಕಷ್ಟವಾಯಿತು. ನಮ್ಮ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲೂ ಕಾರಿಗೆ 100ರ ಮಿತಿ. ಆ ಕಾರು ಆ ಮಿತಿಯನ್ನು ಎಷ್ಟು ಬೇಗ ದಾಟುತ್ತದೆ ಎಂದು ನನಗೆ ಗೊತ್ತಿತ್ತು. ಆ ಹುಡುಗನಿಗೂ ಒಬ್ಬ ತಾಯಿ ಇರುತ್ತಾಳೆ. ಅವಳಿಗೆ ಇದು ಗೊತ್ತಿರುತ್ತದೆಯೋ ಇಲ್ಲವೋ. ಯೋಚಿಸಿ ಹೇಳುತ್ತೇನೆ ಎಂದು ಕಳಿಸಿದೆ. ಮಾರನೆಯ ದಿನ ಫೋನ್ ಮಾಡಿ ಆಗುವುದಿಲ್ಲ ಎಂದೆ.

ಆ ರಾತ್ರಿ ಲೆಕ್ಕಕ್ಕೆ ಕೂತೆ. ಮಗ ಒಂದು ಒಳ್ಳೆಯ ಕೆಲಸ ಮಾಡಿದ್ದ. ಬಿಚ್ಚಿದ ಮೂಲ ಭಾಗಗಳನ್ನೆಲ್ಲ ಗೋಣಿಚೀಲದಲ್ಲಿ ಸುತ್ತಿ, ಹೆಸರು ಬರೆದು, ಲಾಫ್ಟ್‌ನಲ್ಲಿ ಗೌರಿ ಹಬ್ಬದ ಸಾಮಾನಿನ ಪಕ್ಕ ಇಟ್ಟಿದ್ದ. ಕಾರನ್ನು ಮೊದಲಿನಂತೆ ಮಾಡಿ ಮಾರಿದರೆ 3,90,000 ಬರುವ ಹಾಗಿತ್ತು. ಹಾಕಿಸಿದ್ದ ಭಾಗಗಳನ್ನು ಬಿಡಿಯಾಗಿ ಮಾರಿದರೆ 1,55,000. ಕೂಲಿ, ವೀಲ್ ಅಲೈನ್‌ಮೆಂಟ್ ಎಲ್ಲ ಸೇರಿ ಖರ್ಚು 28,000. ಕೈಗೆ ಉಳಿಯುವುದು 5,17,000. ಹುಡುಗ ಕೊಡುತ್ತೇನೆಂದದ್ದಕ್ಕಿಂತ 33,000 ಕಡಿಮೆ. ನಿಶ್ಚಿಂತೆಯಿಂದ ನಿದ್ದೆ ಮಾಡಲು 33,000 ದುಬಾರಿ ಅಲ್ಲ ಅನ್ನಿಸಿತು.

ಮಗನಿಗೆ ವಿಡಿಯೊ ಕಾಲ್ ಮಾಡಿ ಹೇಳಿದೆ. ಅವನ ಮುಖ ಬಾಡಿತು. 'ಅಮ್ಮಾ, ಅದನ್ನ ಬಿಚ್ಚಿ ಮಾರೋದು ಅಂದ್ರೆ ನನ್ನ ಆರು ವರ್ಷ ಬಿಚ್ಚಿ ಹಾಕಿದ ಹಾಗೆ' ಎಂದ. ನಾನು ಹೇಳಿದೆ, 'ಪುಟ್ಟಾ, ಅಲ್ಲಿ ಇಂಟರ್‌ವ್ಯೂನಲ್ಲಿ ನಿನ್ನ ಏನು ಕೇಳಿದ್ರು? ಈ ಕಾರಿನ ಸಸ್ಪೆನ್ಷನ್ ಬಗ್ಗೆ ಅರ್ಧ ಗಂಟೆ ಮಾತಾಡಿದೆ ಅಂತ ನೀನೇ ಹೇಳಿದ್ದೆ. ಕಲಿತಿದ್ದು ನಿನ್ನ ಹತ್ರ ಇದೆ. ಇಲ್ಲಿ ನಿಂತಿರೋದು ನಾನು ಉತ್ತರ ಕೊಡಬೇಕಾದ ವಸ್ತು.' ಅವನು ಮಾತಾಡಲಿಲ್ಲ. ಎರಡು ದಿನ ಫೋನೂ ಇಲ್ಲ. ಮೂರನೆಯ ದಿನ ಒಂದು ಪಟ್ಟಿ ಬಂತು. ಯಾವುದನ್ನು ಮೊದಲು ಬಿಚ್ಚಬೇಕು, ಯಾವ ಬೋಲ್ಟ್ ಎಷ್ಟು ಬಿಗಿ ಮಾಡಬೇಕು, ಚಕ್ರದ ಬೋಲ್ಟಿಗೆ 120 ನ್ಯೂಟನ್ ಮೀಟರ್, ಹೀಗೆ ನಾಲ್ಕು ಪುಟ. ಕೆಳಗೆ ಒಂದೇ ಸಾಲು: 'ಮೆಕ್ಯಾನಿಕ್ಕಿಗೆ ಅವಸರ ಮಾಡಬೇಡ ಅನ್ನು.' ಅದೇ ಅವನ ಒಪ್ಪಿಗೆ.

ಒಂದು ಭಾಗವನ್ನು ಮಾತ್ರ ಯಾರಿಗೂ ಮಾರಲಿಲ್ಲ. ಹೊಗೆ ಕೊಳವೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬುದಿರುತ್ತದೆ. ಜೇನುಗೂಡಿನಂಥ ರಚನೆ, ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಎಂಜಿನ್ನಿನ ವಿಷಾನಿಲವನ್ನು ಬಹುಮಟ್ಟಿಗೆ ನಿರುಪದ್ರವಿ ಮಾಡುವುದು ಅದು. ಅದರ ಜಾಗದಲ್ಲಿ ಹಾಕಿದ್ದ ಬರಿಯ ಕೊಳವೆಗೆ ಕೊಳ್ಳುವವರು ಇದ್ದರು, ಒಳ್ಳೆಯ ಬೆಲೆಯೂ ಇತ್ತು. ನನ್ನ 1,55,000ದ ಲೆಕ್ಕದಲ್ಲಿ ಅದನ್ನು ಸೇರಿಸಿರಲಿಲ್ಲ. ನಮ್ಮ ಮನೆಯಿಂದ ತೆಗೆದ ತೊಂದರೆಯನ್ನು ಇನ್ನೊಬ್ಬರ ಬೀದಿಗೆ ಕಳಿಸುವುದು ಬೇಡ ಎಂದು ಗುಜರಿಗೆ ಹಾಕಿಸಿದೆ.

ಕಾರು ಮೊದಲಿನಂತಾಯಿತು. ಹೊಸ ಪಿಯುಸಿ ಮಾಡಿಸಿದೆ. ವಾಕಡ್‌ನ ದಂಪತಿ ನೋಡಲು ಬಂದಾಗ ಏನೇನು ಬದಲಾಗಿತ್ತು, ಏನೇನು ವಾಪಸ್ಸಾಗಿದೆ, ಎಂಜಿನ್ ಎಷ್ಟು ವರ್ಷ ಹೆಚ್ಚಿನ ಒತ್ತಡದಲ್ಲಿ ಓಡಿದೆ ಎಂದು ನೋಟ್‌ಬುಕ್ ಸಮೇತ ಮುಂದಿಟ್ಟೆ. ಅವರು ತಮ್ಮ ಮೆಕ್ಯಾನಿಕ್ಕನ್ನು ಕರೆತಂದು ಗೇರ್‌ಬಾಕ್ಸ್ ಪರೀಕ್ಷಿಸಿ, ಹತ್ತು ಸಾವಿರ ಚೌಕಾಸಿ ಮಾಡಿ ಕೊಂಡರು. ಸತ್ಯ ಹೇಳಿದ್ದಕ್ಕೆ ಹತ್ತು ಸಾವಿರ ಹೋಯಿತು ಎಂದು ನಮ್ಮವರು ಈಗಲೂ ನಗುತ್ತಾರೆ.

ಇನ್ನು ನಿಮ್ಮ ಉಪಯೋಗಕ್ಕೆ ನಾಲ್ಕು ಮಾತು. ವಾಹನ ಮಾರಿದರೆ ಅದೇ ರಾಜ್ಯದೊಳಗೆ 14 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ 'ಅವರು ನೋಡಿಕೊಳ್ಳುತ್ತಾರೆ' ಎಂದು ಸುಮ್ಮನಾಗಬೇಡಿ. ಪರಿವಾಹನ್ ಜಾಲತಾಣದಲ್ಲಿ ಹೆಸರು ಬದಲಾದದ್ದು ಕಣ್ಣಾರೆ ಕಾಣುವವರೆಗೆ ಬೆನ್ನು ಬಿಡಬೇಡಿ. ಫಾಸ್ಟ್ಯಾಗ್ ಮುಚ್ಚಿಸಿ. ವಿಮೆಯಲ್ಲಿ ಕ್ಲೇಮ್ ಮಾಡದೆ ಗಳಿಸಿದ ನೋ ಕ್ಲೇಮ್ ಬೋನಸ್ ನಿಮ್ಮದು, ಕಾರಿನದಲ್ಲ. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಅದು ಶೇ. 50ರವರೆಗೆ ಇರುತ್ತದೆ. ಪತ್ರ ಪಡೆದಿಟ್ಟುಕೊಂಡರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು.

ಎಲ್ಲರೂ ಮಾರಲೇಬೇಕು ಎಂದು ನಾನು ಹೇಳುತ್ತಿಲ್ಲ. ಕಟ್ಟಿದವರು ಊರಲ್ಲೇ ಇದ್ದು, ಅದರ ಆರೋಗ್ಯ ನೋಡಿಕೊಳ್ಳುತ್ತಾ, ರಸ್ತೆಯಲ್ಲಿ ಬೇಡ ಎಂದು ಚೆನ್ನೈ ಹತ್ತಿರದ ಶ್ರೀಪೆರುಂಬುದೂರಿನಲ್ಲೋ ಕೊಯಮತ್ತೂರಿನಲ್ಲೋ ಇರುವ ರೇಸ್ ಟ್ರ್ಯಾಕಿಗೆ ಸಾಗಿಸಿ ಓಡಿಸುವವರಾದರೆ, ಇಟ್ಟುಕೊಳ್ಳುವುದಕ್ಕೂ ಒಂದು ಅರ್ಥವಿದೆ. ಪುಣೆಯಿಂದ ಅಲ್ಲಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚು. ನಮ್ಮ ಮನೆಯಲ್ಲಿ ಅದಕ್ಕೆ ಯಾರೂ ಇರಲಿಲ್ಲ.

ಮಹಾರಾಷ್ಟ್ರದಲ್ಲಿ ಸ್ಟಾಂಪ್ ಡ್ಯೂಟಿಯಲ್ಲಿ ಶೇ. 1 ರಿಯಾಯಿತಿ ಸಿಗುತ್ತದೆಂದು ಮನೆಗಳು ನಮ್ಮ ಹೆಸರಿಗೆ ಬರುತ್ತವೆ. ಸಾಲಕ್ಕೆ ಅನುಕೂಲವೆಂದು ವಾಹನಗಳು ಬರುತ್ತವೆ. ಬರಲಿ, ಸಂತೋಷ. ಆದರೆ ನಮ್ಮ ಹೆಸರಿನ ಕೆಳಗೆ ಏನೇನಿದೆ ಎಂದು ನಾವೇ ಒಮ್ಮೆ ಓದಿ ತಿಳಿದುಕೊಳ್ಳೋಣ. ಟರ್ಬೊ ಅಂದರೇನು ಎಂದು ಮಗನನ್ನು ಕೇಳಲು ನಾಚಿಕೆ ಬೇಡ. ಖುಷಿಯಿಂದ ಹೇಳಿಕೊಡುತ್ತಾರೆ, ನಿಲ್ಲಿಸುವುದೇ ಕಷ್ಟ.

 ಯಾರಿಗಾದರೂ ಫಾರಂ ತುಂಬಲು ಸಹಾಯ ಬೇಕಿದ್ದರೆ ಚಹಾದ ಹೊತ್ತಿಗೆ ಬನ್ನಿ, ಕೂತು ತುಂಬೋಣ.