ಜೀವನಾಂಶ ಯಾರ ದಯೆಯೂ ಅಲ್ಲ



ಗಂಡ ತೀರಿಹೋದ ಮೇಲೆ ಹೆಂಡತಿಯ ಪಾಲಿನ ಪ್ರಶ್ನೆ ಎದ್ದರೆ ಮನೆಯ ಹಿರಿಯರು ಹೇಳುವುದುಂಟು: "ಊಟ ಬಟ್ಟೆಗೆ ನಾವೇನು ಕಡಿಮೆ ಮಾಡ್ತೀವಾ?" ಹೇಳುವವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ನಾಳೆ ಆ ಮನಸ್ಸು ತಿರುಗಿದರೆ ಅವಳ ಗತಿಯೇನು? ವಿಧವೆಯ ಜೀವನಾಂಶ ಗಂಡನ ಆಸ್ತಿಯ ಮೇಲೆ ಅವಳಿಗಿರುವ ಹಕ್ಕು. ಈ ಮಾತು ನ್ಯಾಯಾಲಯದಲ್ಲಿ ಗಟ್ಟಿಯಾದದ್ದು ಆಂಧ್ರದ ತುಳಸಮ್ಮನವರ ಮೊಕದ್ದಮೆಯಿಂದ.

ಅವರ ಪತಿ 1931ರಲ್ಲಿ ತೀರಿಕೊಂಡರು. ಅವಿಭಕ್ತ ಕುಟುಂಬದ ಆಸ್ತಿ ಪತಿಯ ಮಲಸಹೋದರ ಶೇಷರೆಡ್ಡಿಯವರ ಕೈಯಲ್ಲಿ ಉಳಿಯಿತು. 1944ರಲ್ಲಿ ತುಳಸಮ್ಮ ಜೀವನಾಂಶಕ್ಕಾಗಿ ದಾವೆ ಹೂಡಿದರು. 1949ರಲ್ಲಿ ರಾಜಿಯಾಗಿ ಒಂದಿಷ್ಟು ಆಸ್ತಿ ಅವರಿಗೆ ಬಂತು. ಬದುಕಿರುವವರೆಗೆ ಅನುಭವಿಸಬಹುದು, ಪರಭಾರೆ ಮಾಡುವಂತಿಲ್ಲ ಎಂಬುದು ಷರತ್ತು. ಮುಂದೆ ಅವರು ಅದರಲ್ಲಿ ಕೆಲವನ್ನು ಗುತ್ತಿಗೆಗೆ ಕೊಟ್ಟು, ಕೆಲವನ್ನು ಮಾರಿದಾಗ ಶೇಷರೆಡ್ಡಿ ಕೋರ್ಟಿಗೆ ಹೋದರು.

ಅಷ್ಟರಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಿತ್ತು. ಹೆಣ್ಣಿನ ಸ್ವಾಧೀನದಲ್ಲಿರುವ ಆಸ್ತಿಗೆ ಅವಳೇ ಪೂರ್ಣ ಒಡತಿ ಎನ್ನುತ್ತದೆ ಅದರ 14ನೇ ಕಲಮಿನ ಮೊದಲ ಉಪಕಲಮು. ದಾನಪತ್ರ, ಉಯಿಲು, ಡಿಕ್ರಿಗಳು ಮಿತಿ ಹಾಕಿಯೇ ಕೊಟ್ಟದ್ದಕ್ಕೆ ಎರಡನೆಯದು ವಿನಾಯಿತಿ ಕೊಡುತ್ತದೆ. ಶೇಷರೆಡ್ಡಿ ಹಿಡಿದದ್ದು ಈ ಎರಡನೆಯದನ್ನು. 1977ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ರಾಜಿಪತ್ರ ತುಳಸಮ್ಮನವರಿಗೆ ಹೊಸ ಹಕ್ಕನ್ನೇನೂ ಕೊಟ್ಟಿಲ್ಲ, ಧರ್ಮಶಾಸ್ತ್ರದ ಕಾಲದಿಂದಲೂ ಇದ್ದ ಜೀವನಾಂಶದ ಹಕ್ಕನ್ನೇ ಮನ್ನಿಸಿದೆ, ಹಾಗಾಗಿ ಅವರು ಪೂರ್ಣ ಒಡತಿ ಎಂದು ತೀರ್ಪಿತ್ತಿತು. ಮೊದಲ ದಾವೆಯಿಂದ ಇಲ್ಲಿಗೆ 33 ವರ್ಷ!

ಈ ತೀರ್ಪಿಗಿಂತ ಎಷ್ಟೋ ಮೊದಲು, 1933ರಲ್ಲೇ, ನಮ್ಮ ಮೈಸೂರು ಸಂಸ್ಥಾನ ಕಾನೂನು ಮಾಡಿ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ವಿಧವೆಗೂ ಪಾಲು ಕೊಟ್ಟಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಅಂಥ ಕಾಯ್ದೆ ಬಂದದ್ದು 1937ರಲ್ಲಿ. ಮೈಸೂರಿನ ಈ ಹೆಜ್ಜೆ ನಾವು ಹೆಮ್ಮೆಪಡಬೇಕಾದ ಸಂಗತಿ, ಉಳಿಸಿಕೊಳ್ಳಬೇಕಾದ ಪರಂಪರೆ ಕೂಡ.

ಇಂದು ಗಂಡ ಉಯಿಲು ಬರೆಯದೆ ತೀರಿಕೊಂಡರೆ ಅವನ ಪಾಲಿನ ಆಸ್ತಿಯಲ್ಲಿ ಹೆಂಡತಿಗೆ ಮಗ, ಮಗಳು, ಅತ್ತೆಯಷ್ಟೇ ಸಮಪಾಲು. ಎಲ್ಲವನ್ನೂ ಬೇರೆಯವರಿಗೆ ಬರೆದಿಟ್ಟಿದ್ದರೂ ಅವಳು ಬರಿಗೈಯಲ್ಲಿ ಹೋಗಬೇಕಿಲ್ಲ. 1956ರದ್ದೇ ಆದ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಪ್ರಕಾರ, ಆಸ್ತಿ ಪಡೆದವರು ತಮಗೆ ಬಂದ ಪಾಲಿಗೆ ತಕ್ಕಂತೆ ಅವಳ ಜೀವನಾಂಶ ಭರಿಸಬೇಕು. ಸಾಲ ಕಳೆದು ಉಳಿದ ಆಸ್ತಿ ಎಷ್ಟು, ಅವಳ ಅಗತ್ಯ ಏನು, ಅವಳ ಸ್ವಂತ ಆದಾಯ ಎಷ್ಟು ಎಂಬುದನ್ನು ನೋಡಿ ಕೋರ್ಟು ಮೊತ್ತ ಗೊತ್ತುಮಾಡುತ್ತದೆ.

ಇಷ್ಟಿದ್ದೂ ಹಕ್ಕು ಕೈತಪ್ಪುವುದು ಹೆಚ್ಚಾಗಿ ಮನೆಯ ಜಗಲಿಯಲ್ಲೇ. ತಿಥಿ ಮುಗಿಯುವ ಮೊದಲೇ ಹಕ್ಕು ಬಿಡುಗಡೆ ಪತ್ರ ಅವಳ ಮುಂದೆ ಬರುತ್ತದೆ. ಹಿರಿಯರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ದುಃಖದಲ್ಲಿರುವವಳಿಂದ ಸಹಿ ಹಾಕಿಸಬೇಡಿ. ಪತ್ರವನ್ನು ಓದಿ ಹೇಳಿ, ವಕೀಲರನ್ನು ಕೇಳಲು ಸಮಯ ಕೊಡಿ. ಪೌತಿ ಖಾತೆಯ ಅರ್ಜಿಯಲ್ಲಿ ಅವಳ ಹೆಸರನ್ನೂ ಬರೆಯಿರಿ. ಸೊಸೆಗೆ ಸಲ್ಲಬೇಕಾದದ್ದನ್ನು ಅವಳು ಕೇಳುವ ಮೊದಲೇ ಕೊಟ್ಟ ಮನೆಯಲ್ಲಿ ಸಂಬಂಧವೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ.